‘ನೋಡ್ವ’ ಎನ್ನದ ಯಂತ್ರ

ಈ ಸಂಜೆಯ ಅಧ್ಯಕ್ಷರೂ ನಮ್ಮ ಬಳಗದ ಹಿರಿಯರೂ ಆದ ಕಮಲಾಕರ ಹೆಗಡೆಯವರೇ, ಬಸ್ಸು ಸಿಗದೆ ಮೀನಿನ ಟೆಂಪೊ ಹತ್ತಿಯಾದರೂ ಕುಮಟಾದಿಂದ ಬಂದು ಮುಟ್ಟಿದ ಮುಖ್ಯ ಅತಿಥಿಗಳೇ, ಈ ಸೆಕೆಯಲ್ಲಿ ಶಾಲು ಹೊದ್ದು ಕೂತಿರುವ ಸನ್ಮಾನಿತೆಯೇ, ಹಿಂಬದಿಯಿಂದ ಸಾರಿನ ಒಗ್ಗರಣೆಯ ಘಮ ಬರುತ್ತಿದ್ದರೂ ಎದ್ದು ಹೋಗದ ಸಹೃದಯ ಸಭಿಕರೇ,

ಸನ್ಮಾನ ಆದದ್ದು ನನ್ನ ಹೆಂಡತಿ ಶಾಂಭವಿಗೆ, ಮೈಕು ಸಿಕ್ಕಿದ್ದು ನನಗೆ. ಇದು ನಮ್ಮ ಬಳಗದ ಪದ್ಧತಿ. ಗಂಡಸಿಗೆ ಸನ್ಮಾನವಾದರೆ ಹೆಂಡತಿಗೆ ಒಂದು ಮೊಳ ಮಲ್ಲಿಗೆ, ಹೆಂಗಸಿಗೆ ಸನ್ಮಾನವಾದರೆ ಗಂಡನಿಂದ ಎರಡು ಮಾತು. ಪದ್ಧತಿ ಯಾರು ಮಾಡಿದರೋ ಗೊತ್ತಿಲ್ಲ, ಗಂಡಸರೇ ಇರಬೇಕು. ಇರಲಿ. ನಾನು ಸುದರ್ಶನ, ಹೊನ್ನಾವರ ಪೇಟೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನು. ಕತಗಾಲದಿಂದ ತೆಂಗಿನಗುಂಡಿಯವರೆಗೆ ಯಾವ ಬಾವಿಯಲ್ಲಿ ನೀರು ಮೇಲೆ ಬಂದರೂ ಅದರಲ್ಲಿ ನನ್ನದೊಂದು ಪಾಲು ಇದೆ ಎಂದು ನಾನೇ ಹೇಳಿಕೊಳ್ಳುತ್ತೇನೆ, ಬೇರೆ ಯಾರೂ ಹೇಳುವುದಿಲ್ಲ.

ಮೊದಲ ಸಾಲಿನಲ್ಲಿ ಕೂತ ಸನ್ಮಾನಿತೆ ಕೈಯಲ್ಲಿ ಮೊಬೈಲ್ ಹಿಡಿದಿರುವುದನ್ನು ನೀವು ನೋಡಿದ್ದೀರಿ. ಅಶಿಸ್ತು ಎಂದು ತಿಳಿಯಬೇಡಿ. ಬರುವ ತಿಂಗಳು ಆಕೆ ಯುರೋಪಿನ ಯಾವುದೋ ಚಳಿ ಊರಿನ ದೊಡ್ಡ ಸಭೆಯಲ್ಲಿ ತನ್ನ ಕೆಲಸದ ಬಗ್ಗೆ ಮಾತಾಡುವವಳಿದ್ದಾಳೆ. ಅಲ್ಲಿ ಗಂಡನ ಭಾಷಣ ಇಲ್ಲವಂತೆ. ಆದರೂ ‘ನೀವೂ ಬತ್ರಾ?’ ಎಂದು ನನ್ನನ್ನು ಕೇಳಿದಳು. ಕೇಳಿ ಬಹಳ ದಿನವಾಯಿತು. ನಾನು ‘ನೋಡ್ವ’ ಎಂದೆ. ನೋಡೋಣ ಎಂದರೆ ಹೂಂ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಇವತ್ತು ಟಿಕೆಟ್ ಮಾಡಲೇಬೇಕಂತೆ, ಒಂದೋ ಎರಡೋ ಎಂದು ತಿಳಿಯದೆ ಬೆರಳು ಎತ್ತಿಕೊಂಡು ಕೂತಿದ್ದಾಳೆ. ಆ ವಿಷಯ ಆಮೇಲೆ ನೋಡ್ವ.

ಶಾಂಭವಿ ಮಾಡಿದ್ದಾದರೂ ಏನು? ಆಮಂತ್ರಣ ಪತ್ರಿಕೆಯಲ್ಲಿ ‘ಕಂಪ್ಯೂಟರ್ ಸಾಧಕಿ’ ಎಂದು ಅಚ್ಚಾಗಿದೆ. ಅಚ್ಚು ಮಾಡಿದವರಿಗೂ ಗೊತ್ತಿಲ್ಲ ಎಂದಾಯಿತು. ನಾನು ಹೇಳುತ್ತೇನೆ. ಒಂದು ವಠಾರ, ನಾಲ್ಕು ಮನೆ, ಹಿತ್ತಿಲಲ್ಲಿ ಒಂದೇ ಪಂಪು. ಪ್ರತಿ ಮನೆಯಲ್ಲೂ ಒಂದು ಸ್ವಿಚ್ಚು. ಸ್ವಿಚ್ಚು ಒತ್ತಿದವರು ಪಂಪು ತಮ್ಮದೇ ಎಂದು ನಂಬಿರುತ್ತಾರೆ. ನಿಜದಲ್ಲಿ ಆ ಸ್ವಿಚ್ಚಿನ ಹಿಂದೆ ಪಂಪೇ ಇಲ್ಲ. ಪಂಪಿನ ಸೋಗು ಹಾಕಿದ ಒಂದು ವ್ಯವಸ್ಥೆ ಇದೆ, ಅದು ಹಿತ್ತಿಲಿಗೆ ಸುದ್ದಿ ಮುಟ್ಟಿಸುತ್ತದೆ. ಹಾಗೆಯೇ ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ನಾಲ್ಕಾರು ತೋರಿಕೆಯ ಕಂಪ್ಯೂಟರುಗಳು ಬಿಡಾರ ಹೂಡಿರುತ್ತವೆ. ಅವುಗಳಿಗೆ ಕೊಟ್ಟ ಗಡಿಯಾರ, ಎಚ್ಚರಿಸುವ ಗಂಟೆ, ಡಿಸ್ಕು ಎಲ್ಲವೂ ಸೋಗಿನವು. ಈ ಇಡೀ ವಠಾರದ ಯಜಮಾನನಿಗೆ ಕರ್ನೆಲ್ ಎಂದು ಹೆಸರು.

ಕಷ್ಟ ಏನೆಂದರೆ, ಮೊದಲು ಗಡಿಯಾರ, ಡಿಸ್ಕಿನಂಥ ಒಂದೊಂದು ಸೋಗಿನ ಯಂತ್ರಕ್ಕೆ ಒಂದೊಂದು ಭಾಷೆಯಲ್ಲಿ ಆಜ್ಞೆ ಕೊಡಬೇಕಿತ್ತಂತೆ. ಹೊಸ ಯಂತ್ರ ಬಂದರೆ ಯಜಮಾನನ ಬಾಗಿಲಿಗೆ ಹೊಸ ಕಿಂಡಿ. ಶಾಂಭವಿ ಹೇಳಿದ್ದು, ಕಿಂಡಿ ಸಾಕು, ಒಂದೇ ಬಾಗಿಲು ಇರಲಿ. ಯಂತ್ರ ಹುಟ್ಟಿಸು, ಅದರ ಇಂಥ ಗುಣವನ್ನು ಹೀಗೆ ಇಡು, ಈಗ ಹೇಗಿದೆ ಹೇಳು. ಈ ಮೂರು ಮಾತಿನಲ್ಲಿ ಎಲ್ಲ ಯಂತ್ರವೂ ನಡೆಯಬೇಕು. ಎಷ್ಟು ಸರಳ! ಇಷ್ಟಕ್ಕೆ ಆಕೆ ಒಂದು ಮಳೆಗಾಲ ಪೂರ್ತಿ ನಮ್ಮ ಊಟದ ಮೇಜನ್ನು ಆಕ್ರಮಿಸಿಕೊಂಡಳು. ನಾನು ಮೆಟ್ಟಿಲ ಮೇಲೆ ಕೂತು ಉಂಡೆ.

ಆಮೇಲೆ ಪರೀಕ್ಷೆ. ಬಾಗಿಲೇನೋ ಚೆನ್ನಾಗಿತ್ತು, ಆದರೆ ಒಳಗಿನ ತೋರಿಕೆಯ ಕಂಪ್ಯೂಟರು ಆಗಾಗ ಕಂಬದಂತೆ ನಿಂತುಬಿಡುತ್ತಿತ್ತು. ಯಾಕೆ ಎಂದು ತಿಳಿಯದೆ ಶಾಂಭವಿ ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಅಂಥ ಒಂದು ಬೆಳಿಗ್ಗೆ ನನ್ನನ್ನು ಕೇಳಿದಳು, ಮಹಡಿ ಮೇಲಿನ ಟ್ಯಾಂಕಿಗೆ ಮುಚ್ಚಳ ಹಾಕಿದಿರಾ ಎಂದು. ನಾನು ಪತ್ರಿಕೆಯಿಂದ ತಲೆ ಎತ್ತದೆ ‘ಹೂಂ, ನೋಡ್ವ’ ಎಂದೆ. ಅದೇ ಹೊತ್ತಿಗೆ ನಲ್ಲಿಯಿಂದ ಒಂದು ಕಪ್ಪೆಮರಿ ಬಂತು.

ಸಭಿಕರೇ, ಬೇರೆ ಯಾವ ಹೆಂಡತಿಯಾದರೂ ಕೂಗುತ್ತಿದ್ದಳು. ಶಾಂಭವಿ ಕಪ್ಪೆಮರಿಯನ್ನು ನೋಡಿದಳು, ನನ್ನನ್ನು ನೋಡಿದಳು, ಕಂಪ್ಯೂಟರನ್ನು ನೋಡಿದಳು. ಓಡಿದಳು. ನಡೆದದ್ದು ಇಷ್ಟೇ. ಆಕೆಯ ಸೋಗಿನ ಯಂತ್ರಗಳು ತಮ್ಮಲ್ಲಿ ಇಲ್ಲದ ಗುಣದ ಬಗ್ಗೆ ಆಜ್ಞೆ ಬಂದಾಗಲೂ ನನ್ನ ಹಾಗೆಯೇ ಹೂಂ ಎನ್ನುತ್ತಿದ್ದವು. ಹೂಂ ಎಂದು ಸುಮ್ಮನಿರುತ್ತಿದ್ದವು. ಒಳಗಿನ ತೋರಿಕೆಯ ಕಂಪ್ಯೂಟರು ಕೆಲಸ ಆಯಿತೆಂದು ನಂಬಿ ಕಾಯುತ್ತಾ ನಿಂತಿರುತ್ತಿತ್ತು.

ಇದು ನಮಗೆ ಹೊಸದೇ? ನಮ್ಮ ಕಡೆ ಯಾರಾದರೂ ಇಲ್ಲ ಎಂದದ್ದನ್ನು ನೀವು ಕೇಳಿದ್ದೀರಾ? ಪಂಪು ರಿಪೇರಿಗೆ ಮಂಜುವನ್ನು ಕರೆದರೆ ನೋಡ್ವ. ಕೊಟ್ಟ ಏಣಿ ವಾಪಸು ಕೇಳಿದರೆ ನೋಡ್ವ. ನನ್ನ ತಲೆಯ ಮೇಲೆ ಕಿರುಗುಟ್ಟುವ ಈ ಫ್ಯಾನಿನ ವಿಷಯ ಪ್ರತಿ ವಾರ್ಷಿಕೋತ್ಸವದಲ್ಲೂ ಏಳುತ್ತದೆ, ಕಮಲಾಕರಣ್ಣ ಪ್ರತಿ ಸಲವೂ ಪ್ರೀತಿಯಿಂದ ನೋಡ್ವ ಎನ್ನುತ್ತಾರೆ. ಯಾರ ಮನಸ್ಸಿಗೂ ನೋವಾಗಬಾರದು ಎಂಬ ದೊಡ್ಡ ಗುಣ ನಮ್ಮದು. ಫ್ಯಾನು ಬಿದ್ದರೆ ನೋವಾಗುವುದು ಮಾತ್ರ ನನಗೆ.

ಆ ದಿನ ಶಾಂಭವಿ ನಾಲ್ಕನೆಯ ಮಾತು ಸೇರಿಸಿದಳು. ಆಜ್ಞೆ ಕೊಡುವ ಮೊದಲು ಕೇಳು: ಇಂಥ ಗುಣ ನಿನ್ನಲ್ಲಿ ಉಂಟೋ? ಯಂತ್ರ ಉಂಟು ಎನ್ನಬೇಕು, ಅಥವಾ ಇಲ್ಲ ಎನ್ನಬೇಕು. ನನಗೂ ಅದೇ ದಿನ ಅದೇ ನಿಯಮ ಜಾರಿಯಾಯಿತು. “ಇದ್ರೆ ಇದ್ದು ಹೇಳಿ, ಇಲ್ದಿದ್ರೆ ಇಲ್ಲೆ ಹೇಳಿ. ನೋಡ್ವ ಹೇಳೂದು ಬ್ಯಾಡ,” ಎಂದಳು.

ಕೆಲಸವನ್ನು ಆ ಕರ್ನೆಲ್ ನೋಡಿಕೊಳ್ಳುವ ಜಗತ್ತಿನ ಹಿರಿಯ ತಜ್ಞರಿಗೆ ಕಳಿಸಿದಳು. ಮಾರನೆಯ ದಿನವೇ ಉತ್ತರ ಬಂತು: ಇದು ಹೀಗೆ ಬೇಡ. ನನ್ನ ರಕ್ತ ಕುದಿಯಿತು. ಪರವೂರಿನ ಹೆಣ್ಣುಮಗಳಿಗೆ ಒಳ್ಳೆ ಮಾತಲ್ಲಿ ನೋಡ್ವ ಎನ್ನಲು ಅವರಿಗೆ ಏನು ಧಾಡಿ? ಆದರೆ ಶಾಂಭವಿ ಚಾ ಕುಡಿಯುತ್ತಾ ನಗುತ್ತಿದ್ದಳು. ಬೇಡ ಎಂದರಲ್ಲ, ಎಲ್ಲಿ ಬೇಡ ಎಂದೂ ಹೇಳಿದರಲ್ಲ, ಇನ್ನು ತಿದ್ದುವುದಷ್ಟೇ ಎಂದಳು. ತಿದ್ದಿದಳು. ಮತ್ತೆ ಬೇಡ ಎಂದರು. ಮತ್ತೆ ತಿದ್ದಿದಳು. ಕೊನೆಗೊಂದು ದಿನ ಆತು ಎಂದರು. ಸಭಿಕರೇ, ಆ ದಿನ ನನಗೆ ಅಳು ಬಂತು. ಅಂಗಡಿಯಲ್ಲಿ ಗಿರಾಕಿ ಇದ್ದರು, ಗ್ರೀಸು ಕಣ್ಣಿಗೆ ಹೋಯಿತು ಎಂದೆ.

ಇನ್ನೊಂದು ಮುಖ್ಯ ವಿಷಯ. ಅವರಲ್ಲಿ ಪ್ರತಿ ಕೆಲಸದ ಅಡಿಯಲ್ಲಿ ದೋಷ ತೋರಿಸಿಕೊಟ್ಟವರ ಹೆಸರು ಬರೆಯುವ ಸಂಪ್ರದಾಯ ಇದೆ. ಶಾಂಭವಿ ಅಲ್ಲಿ ನನ್ನ ಹೆಸರು ಬರೆದಿದ್ದಾಳೆ. ಹೌದು, ಸುದರ್ಶನ, ಹೊನ್ನಾವರ. ಆ ಹಾಳೆಗೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದೇನೆ. ದೋಷ ತೋರಿಸಿದ್ದು ಹೇಗೆ ಎಂದು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಇವತ್ತು ನಾನೇ ಹೇಳಿಬಿಟ್ಟೆ.

ವಿಮಾನದ ವಿಷಯಕ್ಕೆ ಬರುತ್ತೇನೆ. ನಾನು ಹೆದರುವವನಲ್ಲ. ಅಂಗಡಿ ಬಿಟ್ಟು ಹೋಗುವುದು ಹೇಗೆ, ಅಷ್ಟೇ. ಮದುವೆಯಾದ ಹೊಸತರಲ್ಲಿ ಮುರುಡೇಶ್ವರದ ಗೋಪುರಕ್ಕೆ ಲಿಫ್ಟಿನಲ್ಲಿ ಹೋಗಿದ್ದೆವು. ಮೇಲೆ ನಿಂತು ಶಾಂಭವಿ, ಸಮುದ್ರ ಕಂಡಿತಾ ಎಂದಳು. ಹೂಂ, ಎಷ್ಟು ಚಂದ ಎಂದೆ. ಕಣ್ಣು ಮುಚ್ಚಿಕೊಂಡೇ ಎಂದೆ. ಆಕೆ ನನ್ನ ಕೈ ಹಿಡಿದು, ದೋಣಿ ಎಲ್ಲಿದೆ, ದ್ವೀಪ ಎಲ್ಲಿದೆ ಎಂದು ಕೆಳಗಿಳಿಯುವ ತನಕ ಹೇಳುತ್ತಲೇ ಇದ್ದಳು. ನನ್ನ ಕಣ್ಣು ಮುಚ್ಚಿದ್ದು ಆಕೆಗೆ ಗೊತ್ತಿರಲಿಲ್ಲ ಎಂದೇ ನಾನು ತಿಳಿದಿದ್ದೆ. ಈಗ, ಈ ಮೈಕಿನ ಮುಂದೆ ನಿಂತಾಗ, ಗೊತ್ತಿಲ್ಲದಿದ್ದರೆ ಅಷ್ಟೆಲ್ಲ ಯಾಕೆ ಹೇಳುತ್ತಿದ್ದಳು ಎಂದು ಹೊಳೆಯುತ್ತಿದೆ.

ಕಮಲಾಕರಣ್ಣ ಗಡಿಯಾರ ತೋರಿಸುತ್ತಿದ್ದಾರೆ. ಅವಕಾಶ ಕೊಟ್ಟ ಬಳಗಕ್ಕೆ, ಸನ್ಮಾನ ಪತ್ರ ಓದಿದ ಜಯಂತಿಯವರಿಗೆ, ಇಷ್ಟು ಹೊತ್ತು ಬೀಳದೆ ಸಹಕರಿಸಿದ ಫ್ಯಾನಿಗೆ, ಹಸಿದೂ ಕೇಳಿದ ನಿಮಗೆ ನನ್ನ ಧನ್ಯವಾದ. ಶಾಂಭವಿ, ನಿಯಮದ ಪ್ರಕಾರವೇ ಹೇಳುತ್ತೇನೆ, ಊರೇ ಸಾಕ್ಷಿ. ಧೈರ್ಯ ಇದ್ದಾ ಕೇಳಿದರೆ, ಇಲ್ಲೆ. ಬತ್ರಾ ಕೇಳಿದರೆ, ಬತ್ತೆ. ಎರಡು ಟಿಕೆಟ್ ಮಾಡು. ನನಗೆ ಕಿಟಕಿ ಬದಿ ಬೇಡ, ಕಾಣುವುದನ್ನು ನೀನೇ ಹೇಳು. ಎಲ್ಲರಿಗೂ ನಮಸ್ಕಾರ.