ಭಾನುವಾರದ ಎರಡು ತಿಂಡಿ

ಹಲೋ… ಹಾಂ, ಹಲೋ, ಯಾರು ಮಾತಾಡೋದು? ಜೋರಾಗಿ ಹೇಳಿ, ಒಂದು ಕೈಲಿ ಬಾಣಲೆ, ಒಂದು ಕೈಲಿ ಸೌಟು, ಫೋನು ಭುಜಕ್ಕೂ ಕಿವಿಗೂ ಮಧ್ಯೆ ಸಿಕ್ಕಿಕೊಂಡಿದೆ… ಬ್ರೆಡ್ಡಿನವರಾ? ನೋಡೀಪ್ಪಾ, ನಿನ್ನೆ ಕಳಿಸಿದ್ರಲ್ಲ ಬ್ರೆಡ್ಡು, ಅದನ್ನ ಗೋಡೆಗೆ ಹೊಡೆದ್ರೆ ಗೋಡೆ ಬೀಳುತ್ತೆ…

ಅಲ್ವಾ? ಮತ್ಯಾರು?… ಯಾರ ಅಪ್ಪ?… ಓ. ನಮ್ಮ ಕಡ್ಡಿಯ ಅಪ್ಪ! ನೀವಾ ಸರ್. ಫೋನಲ್ಲಿ ನಿಮ್ಮ ದನಿ ಯಾವತ್ತೂ ಕೇಳಿಲ್ಲ ನೋಡಿ, ಗುರುತೇ ಸಿಗಲಿಲ್ಲ. ಎಲ್ಲಿದ್ದೀರಿ? ಮಗಳು ಕಾಯ್ತಾ ಕೂತಿದಾಳೆ…

ಟ್ರಾಫಿಕ್ಕಾ. ಭಾನುವಾರ ಬೆಳಿಗ್ಗೆ ಟ್ರಾಫಿಕ್ಕಾ?… ಸರಿ ಸರಿ, ಇರುತ್ತೆ, ಯಾಕಿರಬಾರದು. ರೀ, ಈ ಬಾಣಲೆ ಹಿಡ್ಕೊಳ್ರೀ ಸ್ವಲ್ಪ. ಕಡ್ಡಿಯ ಅಪ್ಪ ಫೋನಲ್ಲಿದಾರೆ… ಅಯ್ಯೋ, ಮೆಲ್ಲಗೆ! ಮಗೂಗೆ ಕೇಳ್ಸುತ್ತೆ… ನಿಮಗಲ್ಲ ಸರ್, ನಮ್ಮನೆಯವರಿಗೆ ಹೇಳಿದ್ದು. ಹೂಂ, ಹೇಳಿ…

ಇದಾಳೆ, ಎಲ್ಲಿ ಹೋಗ್ತಾಳೆ. ಕಿಟಕಿ ಪಕ್ಕದ ಮೇಜಲ್ಲೇ ಇದಾಳೆ. ಭಾನುವಾರ ಆ ಮೇಜಿಗೆ ಇನ್ನೊಬ್ಬರನ್ನ ನಾನು ಕೂರಿಸಲ್ಲ, ನಿಮಗೇ ಗೊತ್ತಲ್ಲ. ಅವರಮ್ಮ ಹತ್ತು ಗಂಟೆಗೆ ಬಿಟ್ಟು ಆಸ್ಪತ್ರೆ ಡ್ಯೂಟಿಗೆ ಹೋದ್ರು. ನೀವು ಹತ್ತೂವರೆಗೆ ಬರಬೇಕಿತ್ತು. ಈಗ ನೋಡಿದ್ರೆ ಮಧ್ಯಾಹ್ನದ ಊಟಕ್ಕೆ ಜನ ಬರೋ ಹೊತ್ತಾಯ್ತು. ಹುಡುಗಿ ಬೆನ್ನಿಂದ ಬ್ಯಾಗು ಕೂಡಾ ಇಳಿಸಿಲ್ಲ…

ಅವರಮ್ಮನಿಗಾ? ನಾನ್ಯಾಕೆ ಹೇಳಲಿ? ಎರಡು ವರ್ಷದಲ್ಲಿ ಆ ಕಡೆ ಮಾತು ಈ ಕಡೆ ದಾಟಿಸಿದ್ದೀನಾ ನಾನು? ಅವರು ಹೋದ ಮೇಲೆ ನೀವು ಬರ್ತೀರಿ. ಅವರು ನಿಮ್ಮ ನೆರಳು ನೋಡಲ್ಲ, ನೀವು ಅವರ ನೆರಳು ನೋಡಲ್ಲ. ಮಗು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗೋಕೆ ಮೂರನೆಯವರ ಜಾಗ ಇರಲಿ ಅಂತ ವಕೀಲರು ಹೇಳಿದ್ರು, ನೀವಿಬ್ಬರೂ ಬಂದು ನನ್ನ ಹೋಟೆಲು ಹಿಡಿದ್ರಿ. ಅದೊಂದಕ್ಕೆ ಮಾತ್ರ ಇಬ್ಬರದೂ ಒಂದೇ ಮಾತು…

ಹಾಂ? ತಿನ್ನೋಕಾ? ಜೇನು ಹಾಕಿ ಬ್ರೆಡ್ ಟೋಸ್ಟ್, ಅದೇ ತಾನೇ, ನೀವು ಯಾವಾಗಲೂ ಕೊಡಿಸೋದು…

ಇಲ್ಲ, ಕೊಡಲ್ಲ… ಕೋಪ ಅಲ್ಲ ಸರ್. ನಿಮಗೆ ಹೇಳಬಾರದು ಅಂತಿದ್ದೆ. ಅವಳ ತಿಂಡಿ ಆಗಿದೆ. ಓಟ್ಸ್ ಗಂಜಿ, ಒಂದು ಬೇಯಿಸಿದ ಮೊಟ್ಟೆ, ಅವರಮ್ಮ ಪಕ್ಕದಲ್ಲೇ ಕೂತು ಪೂರ್ತಿ ತಿನ್ನಿಸಿ ಹೋಗೋದು… ಇವತ್ತಲ್ಲ ಸರ್, ಪ್ರತಿ ಭಾನುವಾರ…

ಹೌದು, ನಿಮ್ಮ ಹತ್ರ ‘ಏನೂ ತಿಂದಿಲ್ಲ ಅಪ್ಪಾ’ ಅಂತಾಳೆ, ನಾನೇ ಕೇಳಿಸ್ಕೊಂಡಿದೀನಿ. ಅಮ್ಮನ ಹತ್ರ ಏನಂತಾಳೆ ಗೊತ್ತಾ? ‘ಅಪ್ಪ ಬರೀ ಹಾಲು ಕುಡಿಸ್ತಾರೆ ಅಮ್ಮಾ’. ಅಮ್ಮನ ತಿಂಡಿ ಬಿಟ್ರೆ ಅಮ್ಮಂಗೆ ಬೇಜಾರು, ಅಪ್ಪನ ತಿಂಡಿ ಬಿಟ್ರೆ ಅಪ್ಪಂಗೆ ಬೇಜಾರು. ಒಂದ್ಸಲ ಬಾತ್‌ರೂಮಲ್ಲಿ ವಾಂತಿ ಮಾಡ್ತಿದ್ಲು. ಬೆನ್ನು ಸವರ್ತಾ ಕೇಳಿದೆ, ಆಗ ಬಾಯಿ ಬಿಟ್ಟಿದ್ದು. ಯಾರಿಗೂ ಹೇಳಬೇಡಿ ಆಂಟಿ ಅಂತ ಆಣೆ ಹಾಕಿಸ್ಕೊಂಡ್ಲು. ಅವತ್ತಿಂದ ಗಂಜಿ ಅರ್ಧ ಬಟ್ಟಲು, ಟೋಸ್ಟು ಒಂದೇ ಹೋಳು ಮಾಡಿ ಕೊಡ್ತೀನಿ. ನಿಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಇಲ್ಲಿ ಕೂಸಿನ ಹೊಟ್ಟೆ ಬಿರಿಯುತ್ತೆ. ಆದ್ರೂ ನೀವಿಟ್ಟ ಹೆಸರಿಗೆ ಮೋಸ ಮಾಡಿಲ್ಲ ಬಿಡಿ, ಕಡ್ಡಿ ಕಡ್ಡೀನೇ…

ಹಲೋ? ಇದ್ದೀರಾ?…

ಏನು ಪುಟ್ಟಾ?… ಇಲ್ಲಮ್ಮಾ, ಅಪ್ಪ ಅಲ್ಲ. ಬ್ರೆಡ್ಡಿನ ಅಂಕಲ್ಲು. ಹೋಗು, ಕೂತ್ಕೋ ಹೋಗು…

ನೋಡಿ, ನನ್ನ ಬಾಯಲ್ಲೂ ಸುಳ್ಳು ಬರಿಸಿದ್ರಿ. ಬೇಗ ಬನ್ನಿ ಸರ್. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ, ಎಲ್ಲಿವರೆಗೆ ಬಂದಿದೀರಾ ಹೇಳಿ, ಅದನ್ನ ಅವಳಿಗೆ…

ಒಂದು ನಿಮಿಷ. ಅದೇನದು?… ಈಗ ನಿಮ್ಮ ಕಡೆ ಕೊಯ್ಯ್ ಅಂತಲ್ಲ, ಅದು…

ಬಸ್ಸಾ. ಬಸ್ಸಿಗೆ ಆ ರಾಗ ಬರಲ್ಲ ಸರ್. ಮೊದಲು ಕೊಯ್ಯ್ ಅಂತ ಏಳುತ್ತೆ, ಆಮೇಲೆ ಮೂಗಲ್ಲಿ ಅಳುತ್ತೆ, ಕೊನೇಲಿ ಒಂದು ಬಿಕ್ಕು. ಅದು ನನ್ನ ಹಳೇ ಕಾಫಿ ಮಿಷನ್ನು. ನಮ್ಮನೇಲಿ ಅದಕ್ಕೆ ಸೋದರತ್ತೆ ಅಂತಾನೇ ಹೆಸರು. ಏಳು ವರ್ಷ ಸಂಸಾರ ಮಾಡಿದೀನಿ ಅದರ ಜೊತೆ. ಹೋದ ವರ್ಷ ಎದುರುಗಡೆ ಕೆಫೆಯವನಿಗೆ ಮಾರಿದ್ದು. ಜಗತ್ತಲ್ಲಿ ಇನ್ನೊಂದು ಮಿಷನ್ನು ಹಾಗೆ ಅಳಲ್ಲ…

ಸರ್.

ನೀವು ಎದುರುಗಡೆ ಇದೀರಿ, ಅಲ್ವಾ?…

ಇರಿ, ಬಾಗಿಲ ಹತ್ರ ಬರ್ತೀನಿ. ಮೇಷ್ಟ್ರೇ, ಸ್ವಲ್ಪ ಕಾಲು ಮಡಚಿ… ಬಿಲ್ ಕೊಡ್ತೀನಿ, ನಿಮ್ಮ ಪೇಪರ್ ಮುಗೀಲಿ, ಅವಸರ ಏನಿದೆ… ಹಾಂ. ಕಾಣ್ತಿದೀರಿ. ಕಂಬದ ಪಕ್ಕದ ಮೇಜು. ಈಗ ತಲೆ ಬಗ್ಗಿಸಿದ್ರಿ. ಅಯ್ಯೋ, ಬಗ್ಗಿಸಿ ಏನು ಬಂತು ಸರ್, ನಾನು ನೋಡಾಯ್ತು…

ಯಾರದು, ನೀಲಿ ಸ್ವೆಟರು? ಈ ಕಡೆ ಬೆನ್ನು ಮಾಡಿ ಕೂತಿದಾರಲ್ಲ…

ಓ…

ಯಾವಾಗ?… ಮುಂದಿನ ತಿಂಗಳಾ. ಒಳ್ಳೇದಾಗಲಿ ಸರ್. ಇಲ್ಲ, ಮನಸಾರೆ ಹೇಳ್ತಿದೀನಿ. ಒಳ್ಳೇವರೇ ಇರ್ತಾರೆ, ನಾನೇನು ಕೆಟ್ಟವರು ಅಂದ್ನಾ? ಮದುವೆ ಆಗೋದು ತಪ್ಪಲ್ಲ… ಮತ್ತೇನು?… ಅವರೂರಿಗಾ? ಅದು ಎಷ್ಟು ದೂರ?… ಅಷ್ಟು ದೂರ. ಅಂದ್ರೆ ಭಾನುವಾರ…

ರಜಕ್ಕೆ. ವರ್ಷಕ್ಕೆ ಎರಡು ಸಲ ರಜಕ್ಕೆ…

ಹೇಳಿ, ಕೇಳಿಸ್ಕೊಳ್ತಿದೀನಿ…

ಹಾಗಾದ್ರೆ ಮೂರು ವಾರದಿಂದ ಇದನ್ನ ಹೇಳಬೇಕು ಅಂತ ಬಂದು ಬಂದು ಟೋಸ್ಟು ತಿನ್ನಿಸಿ ಕರ್ಕೊಂಡು ಹೋಗ್ತಿದ್ರಾ? ಇವತ್ತು ಅವರು ಧೈರ್ಯಕ್ಕೆ ಜೊತೆಗೆ ಬಂದಿದಾರೆ. ಮೊದಲು ಒಂದು ಕಾಫಿ ಕುಡಿದು, ಆಮೇಲೆ ರಸ್ತೆ ದಾಟೋಣ ಅಂತ ಕೂತಿರಿ. ಎಷ್ಟು ಕಾಫಿ ಆಯ್ತು ಇಲ್ಲಿವರೆಗೆ?… ಅವನ ಕಾಫಿ ಕುಡಿದ್ರೆ ಇರೋ ಧೈರ್ಯಾನೂ ಇಳಿದು ಹೋಗುತ್ತೆ ಸರ್, ನನ್ನ ಕೇಳಬೇಕಿತ್ತು…

ನಗ್ತಾ ಇಲ್ಲ. ನನಗೆ ಸಂಕಟ ಆದಾಗ ಹೀಗೇ ಮಾತು ಬರುತ್ತೆ…

ನಾನಾ? ನಾನು ಹೇಳಬೇಕಾ? ಮೇಜು ನನ್ನದು, ತಟ್ಟೆ ನನ್ನದು, ಈಗ ನಾಲಿಗೇನೂ ನನ್ನದೇ ಬೇಕಾ ನಿಮಗೆ?… ನನ್ನ ಮಾತು ಕೇಳ್ತಾಳೆ, ನಿಜ. ‘ಕೈ ತೊಳಿ’ ಅಂದ್ರೆ ಕೇಳ್ತಾಳೆ. ‘ನಿಮ್ಮಪ್ಪ ಇನ್ನು ಬರಲ್ಲ’ ಅನ್ನೋದು ಕೈ ತೊಳಿ ಅಂದ ಹಾಗಾ?…

ಅಳಬೇಡಿ ಸರ್. ಅಲ್ಲಿ ಎಲ್ಲರೂ ನೋಡ್ತಾರೆ. ಅಳಬೇಡಿ… ನನಗೆ ಗೊತ್ತು ನಿಮಗೆ ಮಗಳ ಮೇಲೆ ಜೀವ ಅಂತ. ಇದೇ ಮೇಜಲ್ಲಿ ಅವಳನ್ನ ತೊಡೆ ಮೇಲೆ ಕೂರಿಸ್ಕೊಂಡು ಚಮಚದಲ್ಲಿ ಸೂಪು ಊದಿ ಊದಿ ಕುಡಿಸಿದ್ದು ನೀವೇ, ಅವರಮ್ಮ ನಿಮ್ಮ ಅಂಗಿ ಒರೆಸ್ತಾ ಬೈತಿದ್ರು. ಮರೀತೀನಾ ನಾನು?…

ಜ್ವರ. ಇವತ್ತೊಂದು ದಿನಕ್ಕೆ ಜ್ವರ ಅಂತ ಹೇಳಬೇಕು, ಮುಂದಿನ ವಾರ ನೀವೇ ಖಂಡಿತ ಹೇಳ್ತೀರಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು… ಖಂಡಿತ ಅಂತ ಹೋದ ವಾರಾನೂ ಅಂದ್ಕೊಂಡಿದ್ರಿ ತಾನೇ?…

ರೀ, ಏನ್ ಮಾಡ್ಲಿ ಹೇಳ್ರೀ… ಭುಜ ಕುಣಿಸಬೇಡಿ, ಬಾಯಲ್ಲಿ ಹೇಳಿ… ನಮ್ಮನೆಯವರ ಹತ್ರ ಸಲಹೆ ಕೇಳಿದ್ದು ನನ್ನದೇ ತಪ್ಪು. ಸರಿ ಸರ್. ಇದೊಂದು ಸಲ. ನಿಮಗೋಸ್ಕರ ಅಲ್ಲ, ಅವಳು ಇನ್ನೂ ಬ್ಯಾಗ್ ಹಾಕ್ಕೊಂಡು ಕೂತಿರೋದು ನನಗೆ ನೋಡೋಕಾಗ್ತಿಲ್ಲ. ಫೋನ್ ಇಡಬೇಡಿ…

ಪುಟ್ಟಾ. ಕಡ್ಡೀ, ಇಲ್ಲಿ ನೋಡು. ಸ್ವಲ್ಪ ಸರಿ, ಆಂಟಿ ಕೂತ್ಕೋತಾಳೆ. ನಿಮ್ಮಪ್ಪನ ಫೋನ್ ಬಂದಿತ್ತು… ಹೂಂ, ಬ್ರೆಡ್ಡಿನ ಅಂಕಲ್ ಆದ ಮೇಲೆ. ಪಾಪ, ಅವರಿಗೆ ಮೈ ಹುಷಾರಿಲ್ವಂತೆ. ಜ್ವರವಂತೆ. ಮನೇಲಿ ಮಲಗಿದಾರೆ. ನೀನು ಬೇಜಾರು ಮಾಡ್ಕೋಬೇಡ…

ಏನು?…

ಏನಂದೆ ಪುಟ್ಟಾ?…

ಯಾವಾಗಿಂದ?…

ಹಲೋ, ಸರ್? ಕೇಳಿಸ್ತಾ?… ಕೇಳಿಸಲಿಲ್ವಾ. ಅವಳಿಗೆ ಗೊತ್ತು. ನೀವು ಅಲ್ಲಿರೋದು ಗೊತ್ತು. ‘ಅಪ್ಪ ಮಲಗಿಲ್ಲ, ಎದುರುಗಡೆ ಕೂತಿದಾರೆ’ ಅಂದ್ಲು. ಇಲ್ಲಿಂದ ನೋಡಿದ್ರೆ ಆ ಕಂಬ, ಆ ಮೇಜು ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತೆ ಸರ್. ನಾನು ಈ ಕುರ್ಚಿ ಮೇಲೆ ಕೂತು ಯಾವತ್ತೂ ನೋಡಿರಲಿಲ್ಲ, ನನಗೆಲ್ಲಿ ಕೂರೋಕೆ ಪುರುಸೊತ್ತು… ಹೋದ ವಾರಾನೂ ನೀವು ಮೊದಲು ಅಲ್ಲಿ ಕೂತಿದ್ರಂತೆ. ಅದರ ಹಿಂದಿನ ವಾರಾನೂ. ನೀವು ಎದ್ದು ಬರೋವರೆಗೂ ಇವಳು ಗೋಡೆ ಕಡೆ ತಿರುಗಿ ಕೂತಿದ್ದಳಂತೆ. ಯಾಕೆ ಅಂದೆ. ‘ನಾನು ನೋಡಿದ್ರೆ ಅಪ್ಪಂಗೆ ನಾಚಿಕೆ ಆಗುತ್ತಲ್ವಾ ಆಂಟಿ’ ಅಂದ್ಲು…

ಇರಿ. ಇನ್ನೂ ಇದೆ. ಇವತ್ತು ತುಂಬಾ ಹೊತ್ತಾಯ್ತಲ್ಲ ಅಂತ ಕೈ ಬೀಸಿದಳಂತೆ. ನೀವು ಮೆನು ಕಾರ್ಡ್ ಎತ್ತಿ ಮುಖಕ್ಕೆ ಅಡ್ಡ ಹಿಡ್ಕೊಂಡ್ರಂತೆ…

ಹಿಡ್ಕೊಂಡ್ರಾ?…

ಹಿಡ್ಕೊಂಡ್ರಾ ಇಲ್ವಾ ಸರ್? ಅದೊಂದು ಹೇಳಿ…

ಸರಿ…

ಇಲ್ಲ, ನಾನು ಬೈಯಲ್ಲ. ಬೈಯೋಕೆ ನಾನ್ಯಾರು. ಈಗ ತಾನೇ ಅವಳ ಕಣ್ಣಲ್ಲಿ ಕಣ್ಣಿಟ್ಟು ಜ್ವರ ಅಂದೋಳು ನಾನು…

ಏನು? ಎದ್ರಾ? ಕಾಣ್ತಿದೆ, ಎದ್ರಿ… ನಿಧಾನ, ಕುರ್ಚಿ ಬಿತ್ತು. ಬಿಡಿ, ಅವನು ಎತ್ಕೋತಾನೆ. ಈಗ ಬರ್ತೀರಾ? ಒಬ್ಬರೇನಾ, ಅವರೂನಾ?… ಒಬ್ಬರೇ. ಒಳ್ಳೇದು. ಎಲ್ಲಾ ಹೇಳ್ತೀರಾ? ಮದುವೆ, ಊರು, ಎಲ್ಲಾ?… ಆಮೇಲೆ ದೋಣಿ ಸವಾರಿಗೆ ಕರ್ಕೊಂಡು ಹೋಗ್ತೀರಾ, ಇಡೀ ದಿನ. ಇರಿ, ಬಾಗಿಲಲ್ಲೇ ಇರಿ, ರಸ್ತೆಗೆ ಇಳೀಬೇಡಿ. ಮೊದಲು ಅವಳನ್ನ ಕೇಳ್ತೀನಿ. ಇಷ್ಟು ಹೊತ್ತು ಅವಳನ್ನ ಯಾರೂ ಏನೂ ಕೇಳಿಲ್ಲ…

ಕಡ್ಡೀ, ಅಪ್ಪ ಈಗಲೇ ಬರ್ತಾರಂತೆ. ನೋಡು, ನಿಂತಿದಾರೆ. ನಿನ್ನ ಹತ್ರ ಏನೋ ಮಾತಾಡಬೇಕಂತೆ. ಆಮೇಲೆ ದೋಣಿಗೆ ಹೋಗಬಹುದಂತೆ, ನೀವಿಬ್ಬರೇ. ಬರ್ಲಾ ಅಂತ ಕೇಳ್ತಿದಾರೆ…

ಏನು ಪುಟ್ಟಾ?… ಯಾಕಮ್ಮಾ?…

ಸರ್, ಅವರಮ್ಮನಿಗೆ ಫೋನ್ ಮಾಡಿ ಕರೆಸಿ ಅಂತಿದಾಳೆ…

ಹೌದು, ನೀವು ಬರ್ತಿದೀರಿ ಅಂತ ಹೇಳಿದೆ. ದೋಣೀನೂ ಹೇಳಿದೆ… ಗೊತ್ತು ಸರ್, ಗೊತ್ತು. ಕಾಲಿಡಬೇಡಿ, ಆ ಕಡೆಯಿಂದ ಬಸ್ಸು… ಹಾಂ, ಅಲ್ಲೇ ನಿಲ್ಲಿ. ಫೋನ್ ಕೊಡಬೇಕಾ? ಕೊಡ್ತೀನಿ. ತಗೋ ಕಂದಾ, ಅಪ್ಪ. ಒಂದೇ ಮಾತಂತೆ. ಕಿವೀಗಿಟ್ಕೋ, ನೀನೇನೂ ಹೇಳಬೇಕಾಗಿಲ್ಲ, ಸುಮ್ಮನೆ ಕೇಳಿಸ್ಕೋ…

ಪುಟ್ಟಾ…

ಬೇಡವಂತೆ ಸರ್…

ಇಲ್ಲ, ಅಳ್ತಿಲ್ಲ. ಸಿಟ್ಟೂ ಮಾಡ್ಕೊಂಡಿಲ್ಲ. ‘ಬೇಡ’ ಅಂದ್ಲು, ಅಷ್ಟೇ…

ಸರ್? ಹಲೋ… ಫೋನ್ ಯಾಕೆ ಕಿವಿಯಿಂದ ಇಳಿಸಿದ್ರಿ? ಹಲೋ, ಕೇಳಿಸ್ತಾ—