ಭಾವಮೈದುನನ ಮೂಗು

ವಿಮಾನ ನಿಲ್ದಾಣದ ಚೆಕ್-ಇನ್ ಸಾಲಿನಲ್ಲಿ ನನ್ನ ಮುಂದೆ ಮಾಸ್ಕ್ ಹಾಕಿಕೊಂಡ ಗಂಡ ಹೆಂಡತಿ ನಿಂತಿದ್ದರು. ಕೊರೋನಾ ಇಲ್ಲವೆಂಬ ರಿಪೋರ್ಟ್ ತೋರಿಸದೆ ಯಾರನ್ನೂ ವಿಮಾನ ಹತ್ತಿಸದ ಕಾಲ. ಗಂಡನ ಫೋನು ಗುಂಯ್ ಎಂದಿತು.

“ಬಂತೇನ್ರೀ ನಿಮ್ಮ ರಿಪೋರ್ಟು?”

“ಬಂತು ಕಣೇ. ಪಾಸಿಟಿವ್.”

“ಅಯ್ಯೋ! ನಿಮಗೆ ಒಂದು ಸೀನೂ ಬಂದಿಲ್ವಲ್ರೀ!”

“ನಂಗೇನೂ ಆಗಿಲ್ಲ. ಅದು ನಿನ್ನ ತಮ್ಮನ ಮೂಗು.”

“ಅವನ ಮೂಗು ನಿಮ್ಮ ರಿಪೋರ್ಟಿಗೆ ಹೇಗೆ ಬಂತು?”

“ಮೂಗಿಗೆ ತೂರಿಸೋ ಆ ಕಡ್ಡಿ ನೋಡಿದ್ರೇ ಜೀವ ಬಾಯಿಗೆ ಬರುತ್ತೆ. ನನ್ನ ಗುರುತಿನ ಚೀಟಿ ಕೊಟ್ಟು ಅವನನ್ನ ಕಳಿಸ್ದೆ. ಅದರಲ್ಲಿರೋ ಫೋಟೋ ಯಾರನ್ನ ತಾನೆ ಹೋಲುತ್ತೆ?”

“ಭಾರಿ ಗಂಡಸು!”

“ಕೌಂಟರಲ್ಲಿ ಇದ್ದದ್ದು ಇದ್ದಹಾಗೆ ಹೇಳ್ಬಿಡ್ಲಾ?”

“ಹೇಳಿ. ವಿಮಾನದ ಬದಲು ಪೊಲೀಸ್ ಜೀಪು ಹತ್ತಿಸ್ತಾರೆ.”

“ಹಾಗಾದ್ರೆ ಮಗಳ ಹೆರಿಗೆ?”

“ಹೆರೋಳು ಅವಳು, ಬಾಣಂತನ ಮಾಡೋಳು ನಾನು. ನನ್ನ ರಿಪೋರ್ಟು ನನ್ನ ಮೂಗಿಂದೇ.”

“ಮತ್ತೆ ನಾನು?”

“ಮನೆಗೆ ಹೋಗಿ. ಅವನೂ ಅಲ್ಲೇ ಬಿದ್ಕೊಂಡಿದಾನೆ. ಮೂಗು ಅವನು ಕೊಟ್ಟ, ಹದಿನಾಲ್ಕು ದಿನ ಮೂರು ಹೊತ್ತು ಊಟ ನೀವು ಕೊಡಿ.”

ಆಕೆ ಪೆಟ್ಟಿಗೆ ಎಳೆದುಕೊಂಡು ಕೌಂಟರಿನತ್ತ ನಡೆದರು. ಆತ ಹೊರಬಾಗಿಲ ಕಡೆ ತಿರುಗಿದರು. ಬಾಗಿಲ ಹತ್ತಿರ ಒಂದು ಸೀನು ಕೇಳಿಸಿತು.