ಗಾಳಿ ಸರಿಯಿಲ್ಲ

ಹೂಂ, ನಗು, ನಗು... ಆದ್ರೆ ಆ ರೆಕ್ಕೆ ಮೇಲೆ ಕೈ ಊರಬೇಡ ಕಣೇ, ನಿನ್ನ ಅಡುಗೆಮನೆ ಕಟ್ಟೆ ಅಲ್ಲ ಅದು. ಮದುವೆಯಾಗಿ ಇಷ್ಟು ವರ್ಷ ಇಲ್ಲದ್ದು, ಇವತ್ತೇ ಗಂಡನ ವಿಮಾನ ಹತ್ತಬೇಕು ಅನ್ನಿಸ್ತಾ ನಿಂಗೆ? ಗೊತ್ತು ಬಿಡು. ನಾಳೆಯಿಂದ ಈ ವಿಮಾನ ಮೈದಾನ ಮುಚ್ಚುತ್ತೆ. ಸಂಜೆಯೊಳಗೆ ಹಾರದೆ ಉಳಿದ ವಿಮಾನದ ರೆಕ್ಕೆ ಬಿಚ್ಚಿ ಲಾರಿಗೆ ಹಾಕ್ತಾರೆ. ಉಳಿದಿರೋದು ನಮ್ಮದೊಂದೇ. ಇರಲಿ, ಅವಸರ ಏನಿದೆ? ಗಾಳಿ ಸರಿಯಾಗಲಿ.

ಏನು, ಒಂದು ಎಲೆ ಕೂಡ ಅಲ್ಲಾಡ್ತಿಲ್ವಾ? ಅದು ಕೆಳಗಿನ ಗಾಳಿ. ಮೇಲಿನ ಗಾಳಿ ಬೇರೆ. ಅದೆಲ್ಲ ನಿಂಗೆ ಅರ್ಥ ಆಗಲ್ಲ.

ಕೂತ್ಕೋ, ಹೇಳ್ತೀನಿ. ಮೊದಲು ಇದು ಹೊಲಗಳಿಗೆ ಔಷಧಿ ಹೊಡೆಯೋ ವಿಮಾನ ಇಳೀತಿದ್ದ ಮಣ್ಣು ದಾರಿ. ಆಮೇಲೆ ಟಾರು ಬಂತು, ವಿಮಾನ ಹಾರಿಸೋರ ಕ್ಲಬ್ಬು ಬಂತು, ಕ್ಲಬ್ಬಿನ ಹಿಂದೆ ಒಣಜಂಭ ಬಂತು. ನಮ್ಮ ಹಲ್ಲಿನ ಡಾಕ್ಟರು ಇದ್ರಲ್ಲ, ಒಂದು ಸಲ ಇಳಿಯೋಕೆ ಮೂರು ಸಲ ನೆಲ ಮುಟ್ಟೋರು... ಕಪ್ಪೆ ಕುಪ್ಪಳಿಸಿದ ಹಾಗೆ. ಹಲ್ಲು ಕೀಳೋದೂ ಹಾಗೇ ಅಂತೆ. ಆ ಕಂಟ್ರಾಕ್ಟರ್ ಕಥೆ ಇನ್ನೂ ಚೆಂದ. ಹೆಣ್ಣು ಕೊಟ್ಟ ಮಾವನಿಗೆ ಮೇಲಿಂದ ಊರು ತೋರಿಸ್ತೀನಿ ಅಂತ ಹತ್ತಿಸಿದ, ಬಾಲಕ್ಕೆ ಕಟ್ಟಿದ್ದ ಹಗ್ಗ ಬಿಚ್ಚೋದೇ ಮರೆತ. ಎಂಜಿನ್ ಗುರ್ ಅನ್ನುತ್ತೆ, ವಿಮಾನ ಗೂಟಕ್ಕೆ ಕಟ್ಟಿದ ಎಮ್ಮೆ ಥರ ನಿಂತಲ್ಲೇ ಜಗ್ಗುತ್ತೆ. ಮಾವ ಕಣ್ಣು ಮುಚ್ಚಿಕೊಂಡೇ, "ಅಳಿಯಂದ್ರೇ, ಎಷ್ಟು ಎತ್ತರ ಬಂದ್ವಿ?" ಅಂದ್ರಂತೆ!

ಅಂಥೋರೇ ನಿನ್ನೆ ಜುಮ್ಮಂತ ಹಾರಿಸ್ಕೊಂಡು ಹೋದ್ರು. ಕಾಲವೇ ಅಂಥದ್ದು.

ನಾನಾ? ಹೋದ ಭಾನುವಾರವೂ ಹಾರಿಸಿದ್ನಲ್ಲ, ಮನೆಗೆ ಬಂದು ಹೇಳಲಿಲ್ವಾ? ನದಿ ದಾಟಿ, ಗುಡ್ಡ ಸುತ್ತಿ...

ಎಲ್ಲಿಗೆ ಎದ್ದೆ? ಅಲ್ಲೇನು ಬಗ್ಗಿ ನೋಡ್ತಿದ್ದೀಯ? ಓ, ಎಂಜಿನ್ ಸಂದಿಲಿ ಹಕ್ಕಿ ಗೂಡಾ... ಹಕ್ಕಿಗೇನು ಕೆಲಸ, ವಾರಕ್ಕೊಂದು ಕಟ್ಟುತ್ತೆ. ಚಕ್ರದಲ್ಲಾ? ಬಳ್ಳಿ ಅದು. ಈ ಸಲ ಮಳೆ ಜಾಸ್ತಿ ನೋಡು, ಬೇಗ ಹಬ್ಬಿದೆ. ಎರಡು ಸುತ್ತು... ಮೂರು ಸುತ್ತು... ಹೂ ಬೇರೆ ಬಿಟ್ಟಿದೆ.

ನಗು. ಇಷ್ಟು ಹೊತ್ತು ನಗ್ತಿದ್ದೆಯಲ್ಲ. ಬೇಕಾದ್ರೆ ಬಯ್ಯಿ. ಹಾಗೆ ನೋಡಬೇಡ ಕಣೇ. ಈ ಬಳ್ಳಿ ನೋಡಿ ನಿಂಗೆ ಆಶ್ಚರ್ಯನೂ ಆಗಲಿಲ್ವಲ್ಲ.

ನಿಂಗೆ... ಗೊತ್ತಿತ್ತಾ? ಈ ಕಣ್ಣಿಗೆ ಇನ್ನು ಹಾರಿಸೋ ಲೈಸೆನ್ಸ್ ಸಿಗಲ್ಲ ಅಂತ ಕಣ್ಣಿನ ಡಾಕ್ಟರು ಅಂದಿದ್ದೂ? ನಾನು ಇಲ್ಲಿ ಬಂದು ಇದರೊಳಗೆ ಸುಮ್ನೆ ಕೂತು ಎದ್ದು ಬರ್ತಿದ್ದದ್ದೂ? ಗೊತ್ತಿದ್ದೂ ಪ್ರತಿ ಭಾನುವಾರ ಬುತ್ತಿ ಕಟ್ಟಿ ಕಳಿಸ್ತಿದ್ಯಾ? ಸಂಜೆ ಬಂದ್ರೆ, "ಇವತ್ತು ಎಲ್ಲಿವರೆಗೆ ಹೋಗಿದ್ರಿ?" ಅಂತ ಕೇಳಿ, ಪೂರ್ತಿ ಕೂತು ಕೇಳಿಸ್ಕೊಳ್ತಿದ್ಯಾ?

ಬಾ... ಹತ್ತು. ಹುಷಾರು, ತಲೆ ತಗಲುತ್ತೆ. ಇಲ್ಲಿ, ನನ್ನ ಪಕ್ಕ. ಬೆಲ್ಟು ಹಾಕ್ಕೋ. ಲಾರಿಯವನು ಬರೋಕೆ ಇನ್ನೂ ಹೊತ್ತಿದೆ. ಎಲ್ಲಿಗೆ ಹೋಗೋಣ, ಇವತ್ತು ನೀನೇ ಹೇಳು.